ಕೋಟು ಕಳಚಿದರೆ ದುಡ್ಡು ಬರುತ್ತದೆಯೇ?

ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ದಿನಗಳಲ್ಲಿ ನಾನು ಇನ್ನೂ ಬಿ.ಎಡ್. ಮುಗಿಸಿದ ಹೊಸ ಹುಡುಗಿ. ರಾತ್ರಿ ಊಟವಾದ ಮೇಲೆ ಕಂದೀಲು ಹಿಡಿದು ಕೇರಿಯ ಹೆಂಗಸರಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆ. ಹಗಲೆಲ್ಲ ಗದ್ದೆ ನೆಟ್ಟು ಬಂದ ಹೆಂಗಸರು ತೂಕಡಿಸುತ್ತ ಕೂರುತ್ತಿದ್ದರು. ವರ್ಣಮಾಲೆ ಮುಗಿಸುವಷ್ಟು ತಾಳ್ಮೆ ಅವರಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಹೆಸರು ಬರೆಯಲು ಬಂದರೆ ಸಾಕು, ಹೆಬ್ಬೆಟ್ಟಿನ ಅವಮಾನ ತಪ್ಪಿತು ಎಂದು ನಾವೆಲ್ಲ ನಂಬಿದ್ದೆವು. ಸಹಿ ಹಾಕಲು ಕಲಿತವರ ಲೆಕ್ಕ ಮೇಲಕ್ಕೆ ಹೋಯಿತು. ಅದರಲ್ಲಿ ಆಗ ತಾನೇ ಮದುವೆಯಾಗಿ ನಮ್ಮ ಕುಪ್ಪಗಡ್ಡೆ ಸೀಮೆಗೆ ಬಂದಿದ್ದ ಒಬ್ಬ ಹುಡುಗಿಯೂ ಇದ್ದಳು. ದುಂಡಗೆ, ಒಂದೊಂದೇ ಅಕ್ಷರ ಪೋಣಿಸಿದ ಹಾಗೆ ಆಕೆ ಸಹಿ ಹಾಕುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೂವತ್ತು ವರ್ಷದ ಮೇಲೆ ಅದೇ ಸಹಿಯನ್ನು ಮತ್ತೆ ನೋಡಿದೆ. ಈ ಸಲ ಅದು ಇದ್ದದ್ದು ಪಟ್ಟಣದ ಒಬ್ಬ ವಕೀಲರ ಮೇಜಿನ ಮೇಲಿದ್ದ ಕಾಗದದಲ್ಲಿ.

ಆಕೆ ಈಗ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಲಾರಿ ಹೊಡೆದು ತೀರಿಕೊಂಡ. ಆಸ್ಪತ್ರೆಯ ಬಾಗಿಲಲ್ಲೇ ಯಾರೋ ವಕೀಲರ ಗುಮಾಸ್ತ ಸಿಕ್ಕಿ, ‘ಒಂದು ಪೈಸೆ ಕೊಡುವುದು ಬೇಡ, ದುಡ್ಡು ಬಂದ ಮೇಲೆ ನೋಡೋಣ’ ಎಂದು ವಕಾಲತ್ತಿಗೆ ಸಹಿ ಮಾಡಿಸಿಕೊಂಡ. ನಾಲ್ಕು ವರ್ಷ ಕೇಸು ನಡೆಯಿತು. ಬಡ್ಡಿಯೂ ಸೇರಿ ಹತ್ತು ಲಕ್ಷ ಪರಿಹಾರವಾಯಿತು. ಆರು ಲಕ್ಷ ಆಕೆಯ ಮತ್ತು ಮಕ್ಕಳ ಹೆಸರಿನಲ್ಲಿ ಠೇವಣಿ, ನಾಲ್ಕು ಲಕ್ಷ ಕೈಗೆ. ಆದರೆ ಆಕೆಯ ಕೈಗೆ ಬಂದದ್ದು ಒಂದು ಲಕೋಟೆಯಲ್ಲಿ ಒಂದು ಲಕ್ಷದ ಎಪ್ಪತ್ತೈದು ಸಾವಿರ. ‘ಇಷ್ಟೇ ಆಗಿದ್ದು’ ಎಂದರಂತೆ. ಆಕೆ ಕೈ ಮುಗಿದು ಬಂದಳು. ಮರುವಾರ ಒಂದು ಚೀಲ ಅಕ್ಕಿಯನ್ನೂ ಕೊಟ್ಟು ಬಂದಳು, ಅದು ಬೇರೆ.

ಠೇವಣಿಯ ಬಡ್ಡಿ ಬಂತೇ ಎಂದು ನೋಡಿಕೊಡಿ ಎಂದು ಆಕೆ ನನಗೆ ಪಾಸ್‌ಬುಕ್ಕು ಕೊಟ್ಟಾಗಲೇ ನನಗೆ ವಿಷಯ ತಿಳಿದದ್ದು. ನಾಲ್ಕು ಲಕ್ಷ ಜಮೆ. ಎರಡೇ ದಿನದಲ್ಲಿ ಎರಡು ಚೆಕ್ಕಿನಲ್ಲಿ ಅಷ್ಟೂ ಖರ್ಚು. ಖಾತೆ ತೆರೆಸಿದ್ದು ಗುಮಾಸ್ತ. ಚೆಕ್ಕುಪುಸ್ತಕ ಇದ್ದದ್ದು ಆಫೀಸಿನ ಕಪಾಟಿನಲ್ಲಿ. ಖಾಲಿ ಚೆಕ್ಕಿಗೆ ಸಹಿ ಹಾಕಿದ್ದು ಈಕೆ. ಹೆಬ್ಬೆಟ್ಟಾಗಿದ್ದರೆ ಬ್ಯಾಂಕಿನವರು ಆಕೆಯನ್ನೇ ಎದುರಿಗೆ ಕರೆಸಿ ಕೇಳುತ್ತಿದ್ದರೇನೋ. ಸಹಿ ಇತ್ತಲ್ಲ, ಯಾರೂ ಕೇಳಲಿಲ್ಲ.

ನಾನು ವಕೀಲರ ಹತ್ತಿರ ಹೋದೆ. ಅವರು ಕೂಗಾಡಲಿಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ‘ನಾಲ್ಕು ವರ್ಷ ನನ್ನ ಕೈಯಿಂದ ಖರ್ಚು ಹಾಕಿದ್ದೇನೆ ಟೀಚರ್. ಆಕೆಯೇ ಒಪ್ಪಿ ಸಹಿ ಮಾಡಿದ್ದಾಳೆ, ನೋಡಿ’ ಎಂದು ಕಾಗದ ತಿರುಗಿಸಿ ತೋರಿಸಿದರು. ಖರ್ಚಿನ ಲೆಕ್ಕ ಕೊಡಿ ಎಂದೆ. ‘ಲೆಕ್ಕ ಕೇಳಬೇಕಾದವಳು ಕಕ್ಷಿದಾರಳು. ನೀವು ಯಾರು?’ ಎಂದು ನಕ್ಕರು. ಕಾನೂನಿನ ಪ್ರಕಾರ ಆ ಮಾತು ಸರಿಯೇ. ಅದಕ್ಕೇ ನಾನು ಕಾನೂನು ಏನು ಹೇಳುತ್ತದೆ ಎಂದು ಓದಲು ಕೂತೆ. ಓದಿದಷ್ಟೂ ನನ್ನ ಸಿಟ್ಟು ಆ ಒಬ್ಬ ವಕೀಲರನ್ನು ದಾಟಿ ಮುಂದೆ ಹೋಯಿತು.

ನಿಯಮಗಳೇ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಬಹಳ ಚೆನ್ನಾಗಿವೆ. ಕಕ್ಷಿದಾರರ ಹಣಕ್ಕೆ ವಕೀಲರು ಲೆಕ್ಕ ಇಡಬೇಕು. ಬಂದದ್ದು ಫೀಸೋ ಖರ್ಚಿನ ಬಾಬ್ತೋ ಎಂದು ಬರೆದಿರಬೇಕು. ಖರ್ಚಿಗೆಂದು ಕೊಟ್ಟದ್ದನ್ನು ಕಕ್ಷಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ಮುರಿದುಕೊಳ್ಳಬಾರದು. ಕಕ್ಷಿದಾರರ ಪರವಾಗಿ ಹಣ ಬಂದರೆ ಆದಷ್ಟು ಬೇಗ ಅವರಿಗೆ ತಿಳಿಸಬೇಕು. ಕಕ್ಷಿದಾರರು ಕೇಳಿದರೆ ಲೆಕ್ಕದ ನಕಲು ಕೊಡಬೇಕು. ಆ ಹಣವನ್ನು ಸಾಲವೆಂದು ಮಾಡಿಕೊಳ್ಳಬಾರದು. ಗೆದ್ದು ಬಂದದ್ದರಲ್ಲಿ ಇಷ್ಟು ಪಾಲು ಎಂಬ ಕರಾರನ್ನೂ ಮಾಡಿಕೊಳ್ಳಬಾರದು. ಕೊನೆಯದನ್ನು ಇನ್ನೊಮ್ಮೆ ಓದಿ. ನಮ್ಮ ತಾಲೂಕುಗಳಲ್ಲಿ ಅಪಘಾತದ ಕೇಸೆಂದರೆ ‘ಎಷ್ಟು ಪರ್ಸೆಂಟು?’ ಎಂಬುದೇ ಮೊದಲ ಮಾತಲ್ಲವೇ? ನಿಷೇಧವಾಗಿರುವ ಮಾತನ್ನು ನಾವು ತರಕಾರಿಯ ದರದ ಹಾಗೆ ಬಾಯಿಬಿಟ್ಟು ಆಡುತ್ತೇವೆ.

ಲೆಕ್ಕ ಇಡಬೇಕೆಂದು ಬರೆದವರು ಅದನ್ನು ನೋಡುವವರು ಯಾರೆಂದು ಬರೆಯಲಿಲ್ಲ. ಕಕ್ಷಿದಾರರ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇಡಬೇಕೆಂಬ ಕಟ್ಟಳೆಯೂ ಇಲ್ಲ, ವರ್ಷಕ್ಕೊಮ್ಮೆ ತಪಾಸಣೆಯೂ ಇಲ್ಲ. ನನ್ನ ಶಾಲೆಯಲ್ಲಿ ಒಂದು ಕಿಲೋ ತೊಗರಿಬೇಳೆ ಕಡಿಮೆ ಬಿದ್ದರೆ ನಾನು ಕಾರಣ ಬರೆದುಕೊಡಬೇಕು. ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು ಎಂಬುದಕ್ಕೆ ದಿನಾ ಲೆಕ್ಕ. ಬರಲಿ, ನನಗೇನೂ ಬೇಸರವಿಲ್ಲ, ಮಕ್ಕಳ ಅನ್ನ ಅದು. ಆದರೆ ವಿಧವೆಯ ನಾಲ್ಕು ಲಕ್ಷ ಒಂದು ಮೊಟ್ಟೆಗಿಂತ ಕಡೆಯೇ?

ದೂರು ಕೊಡಲು ದಾರಿ ಇದೆ. 1961ರ ವಕೀಲರ ಕಾಯ್ದೆಯ 35ನೇ ಕಲಮು. ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೆಯಬಹುದು. ಪರಿಷತ್ತು ಅದನ್ನು ತನ್ನ ಶಿಸ್ತು ಸಮಿತಿಗೆ ಕಳಿಸುತ್ತದೆ. ಸಮಿತಿಯಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಮೂರನೆಯವರು ಹೊರಗಿನಿಂದ ಆರಿಸಿಕೊಂಡ ಒಬ್ಬ ಅನುಭವಿ ವಕೀಲರು. ಅಂದರೆ ಮೂವರೂ ವಕೀಲರೇ. ಒಂದು ವರ್ಷದೊಳಗೆ ದೂರು ತೀರ್ಮಾನವಾಗಬೇಕು, ಆಗದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಅಲ್ಲಿಂದ ಮೇಲ್ಮನವಿ ಸುಪ್ರೀಂ ಕೋರ್ಟಿಗೆ.

ನಮ್ಮ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ನಿಮಗೆ ಗೊತ್ತೇ ಇದೆ. ಜಗಳ ಶುರುವಾದದ್ದು ಕೊಳಗದ ಅಳತೆಯಿಂದ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು, ಅದು ಒಡೆಯರ ಕೈಯಲ್ಲಿ. ಒಡೆಯರಲ್ಲಿ ಒಳ್ಳೆಯವರು ಇರಲಿಲ್ಲವೇ? ಇದ್ದರು. ಆದರೆ ಅಳೆಯುವ ಕೊಳಗ ಅಳೆಸಿಕೊಳ್ಳುವವನ ಕೈಗೆ ಸಿಗದೆ ಇದ್ದಾಗ ಒಳ್ಳೆಯತನದ ಮೇಲೆ ಎಷ್ಟು ದಿನ ಬದುಕುವುದು? ಅದಾಗಿ ಎಪ್ಪತ್ತಕ್ಕೂ ಹೆಚ್ಚು ವರ್ಷವಾಯಿತು. ವಕೀಲರ ತಪ್ಪು ಅಳೆಯುವ ಕೊಳಗ ಇನ್ನೂ ವಕೀಲರ ಕೈಯಲ್ಲೇ ಇದೆ. ಆ ಸಮಿತಿಯಲ್ಲಿ ಒಬ್ಬ ನಿವೃತ್ತ ಲೆಕ್ಕಾಧಿಕಾರಿ, ಒಬ್ಬ ಶಿಕ್ಷಕಿ, ಒಬ್ಬ ರೈತಮಹಿಳೆ ಕೂತರೆ ಆಕಾಶ ಕಳಚಿ ಬೀಳುತ್ತದೆಯೇ? ಎಪ್ಪತ್ತರ ದಶಕದಲ್ಲಿ ನಮ್ಮ ಭೂನ್ಯಾಯಮಂಡಳಿಗಳಲ್ಲಿ ಸಾಮಾನ್ಯ ಜನರೇ ಕೂತು, ಯಾರ ಉಳುಮೆ ಯಾರ ಜಮೀನು ಎಂದು ತೀರ್ಮಾನಿಸಲಿಲ್ಲವೇ?

ಶಿಕ್ಷೆಗೆ ಬರೋಣ. ದೂರನ್ನು ವಜಾ ಮಾಡುವುದು ಬಿಟ್ಟರೆ ಸಮಿತಿಗೆ ಇರುವ ದಾರಿ ಮೂರು. ಛೀಮಾರಿ ಹಾಕುವುದು, ಕೆಲವು ಕಾಲ ಅಮಾನತು ಮಾಡುವುದು, ಪಟ್ಟಿಯಿಂದ ಹೆಸರು ಹೊಡೆದುಹಾಕುವುದು. ಯಾವ ತಪ್ಪಿಗೆ ಯಾವುದು ಎಂಬುದಕ್ಕೆ ಖಚಿತ ಅಳತೆ ಇಲ್ಲ. 1997ರಲ್ಲಿ ಪ್ರಹ್ಲಾದ್ ಸರನ್ ಗುಪ್ತಾ ಎಂಬ ವಕೀಲರ ಪ್ರಕರಣದಲ್ಲಿ, ಕಕ್ಷಿದಾರರಿಗೆ ಸೇರಬೇಕಾದ 1,500 ರೂಪಾಯಿ ಇಟ್ಟುಕೊಂಡದ್ದು ದುರ್ನಡತೆಯೇ ಎಂದು ಹೇಳಿದ ಸುಪ್ರೀಂ ಕೋರ್ಟು ಛೀಮಾರಿಯಲ್ಲಿ ಮುಗಿಸಿತು. ನಮ್ಮ ಕರ್ನಾಟಕದ್ದೇ ಆದ ಜಾನ್ ಡಿಸೋಜಾ ಪ್ರಕರಣದಲ್ಲಿ ವಿಷಯ ಹಣದ್ದಲ್ಲ, ಜೋಪಾನಕ್ಕೆಂದು ಕೊಟ್ಟ ಉಯಿಲಿನದು. ಎಂಬತ್ತರ ದಶಕದಲ್ಲಿ ವಾಪಸು ಕೇಳಿದರೂ ಕೊಡದ ತಪ್ಪಿಗೆ ಒಂದು ವರ್ಷದ ಅಮಾನತು. ಅದನ್ನು ಸುಪ್ರೀಂ ಕೋರ್ಟು ಖಾಯಂ ಮಾಡಿದ್ದು 1993ರ ಡಿಸೆಂಬರಿನಲ್ಲಿ.

ನನ್ನ ಮನಸ್ಸಿನಲ್ಲಿ ಕೂತುಬಿಟ್ಟದ್ದು ಉತ್ತರಪ್ರದೇಶದ ಲಖೀಂಪುರ ಖೇರಿಯ ಬೈಜು ಎಂಬ ಮುದುಕನ ಕಥೆ. ಓದು ಬರಹ ಬಾರದ ಬಡವ. ಅವನ ಜಮೀನನ್ನು ಸರಕಾರ ವಶಪಡಿಸಿಕೊಂಡು 8,118 ರೂಪಾಯಿ ಪರಿಹಾರವನ್ನು ಕೋರ್ಟಿನಲ್ಲಿ ಇಟ್ಟಿತು. ಅವನ ವಕೀಲ ಹರೀಶ್ ಚಂದ್ರ ತಿವಾರಿ 1987ರ ಸೆಪ್ಟೆಂಬರ್ 2ರಂದು ಅದನ್ನು ತೆಗೆದುಕೊಂಡರು. ಕಕ್ಷಿದಾರನಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ದೂರು ಹೋದ ಮೇಲೆ, ಬೈಜು ರಾಜಿಯಾಗಿದ್ದಾನೆ ಎಂದು ಅವನ ಹೆಸರಿನಲ್ಲೇ ಒಂದು ಸುಳ್ಳು ಪ್ರಮಾಣಪತ್ರ ಹುಟ್ಟಿತು. ವಕೀಲರ ಪರಿಷತ್ತು ಕೊಟ್ಟ ಶಿಕ್ಷೆ ಮೂರು ವರ್ಷದ ಅಮಾನತು. ಅದೂ ಜಾಸ್ತಿಯಾಯಿತೆಂದು ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರಿದ್ದ ಪೀಠ 2002ರ ಜನವರಿಯಲ್ಲಿ, ಕಕ್ಷಿದಾರರ ಹಣ ನುಂಗುವುದು ವಕೀಲಿ ವೃತ್ತಿಯ ಅತ್ಯಂತ ಘೋರ ತಪ್ಪುಗಳಲ್ಲಿ ಒಂದು ಎಂದು ಹೇಳಿ, ಹೆಸರನ್ನೇ ಪಟ್ಟಿಯಿಂದ ತೆಗೆಸಿತು.

ಈ ತೀರ್ಪನ್ನು ಓದಿದ ದಿನ ನನಗೆ ಬಹಳ ಸಂತೋಷವಾಗಿತ್ತು. ಮಾರನೆಯ ದಿನ ಅಡುಗೆಮನೆಗೆ ಹೋಗಿ, ಅಕ್ಕಿ ಆರಿಸುತ್ತ ಕೂತಿದ್ದ ಆಕೆಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಕೇಳಿದಳು. ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು.

‘ಅಕ್ಕೋರೇ, ಅವ್ರ ಕೋಟು ಕಳಚಿದ್ರೆ ನನ್ನ ದುಡ್ಡು ಬರ್ತೈತಾ?’

ನಾನು ಸುಮ್ಮನಾದೆ. ಏಕೆಂದರೆ ಬರುವುದಿಲ್ಲ. ಛೀಮಾರಿ, ಅಮಾನತು, ಹೆಸರು ತೆಗೆಯುವುದು ಎಂಬ ಆ ಪಟ್ಟಿಯಲ್ಲಿ ‘ಹಣ ಹಿಂತಿರುಗಿಸು’ ಎಂಬ ಮಾತೇ ಇಲ್ಲ. ಹದಿನೈದು ವರ್ಷ ಕಾದು ವಕೀಲರ ಕೋಟು ಕಳಚಿಸಿದರೂ ಆ 8,118 ರೂಪಾಯಿ ಅಷ್ಟರಿಂದಲೇ ಬೈಜುವಿನ ಕೈಗೆ ಬರುವುದಿಲ್ಲ. ಹಣಕ್ಕೆ ಬೇರೆ ದಾವಾ ಹೂಡಬೇಕು. ದಾವಾ ಹೂಡಲು ಇನ್ನೊಬ್ಬ ವಕೀಲರು ಬೇಕು. ಆ ಇನ್ನೊಬ್ಬರು ಅದೇ ಕೋರ್ಟಿನ ಅಂಗಳದಲ್ಲಿ ಮೊದಲನೆಯವರ ಜೊತೆ ದಿನಾ ಚಹಾ ಕುಡಿಯುವವರು. ನಂಬಿಕೆದ್ರೋಹವೆಂದು ಪೊಲೀಸರಿಗೆ ದೂರು ಕೊಡಬಹುದು, ಹೊಸ ನ್ಯಾಯಸಂಹಿತೆಯ 316ನೇ ಕಲಮಿನಲ್ಲಿ ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಆದರೆ ಬಿಸಿಯೂಟದ ಅಡುಗೆಯವಳು ವಕೀಲರ ಮೇಲೆ ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತುವುದನ್ನು ನೀವೇ ಕಣ್ಣ ಮುಂದೆ ತಂದುಕೊಳ್ಳಿ. ಗ್ರಾಹಕ ನ್ಯಾಯಾಲಯ ಒಂದಿತ್ತಲ್ಲ ಎನ್ನುತ್ತೀರಿ. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾನೂನಿಗೆ ಬರುತ್ತದೆ ಎಂದಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಬರುವುದಿಲ್ಲ ಎಂದಿತು. ವಕೀಲಿ ಬರೀ ವ್ಯಾಪಾರವಲ್ಲ, ಅದು ಉದಾತ್ತ ವೃತ್ತಿ ಎಂಬುದು ಅದರ ತಾತ್ಪರ್ಯ. ಇರಲಿ. ಉದಾತ್ತ ವೃತ್ತಿಯಾದರೆ ಅದರ ಶಿಸ್ತು ವ್ಯಾಪಾರಿಯದಕ್ಕಿಂತ ಬಿಗಿಯಾಗಿರಬೇಕಲ್ಲವೇ? ಕೆಟ್ಟ ಮಿಕ್ಸಿ ಮಾರಿದ ಅಂಗಡಿಯವನಿಂದ ನನ್ನ ದುಡ್ಡು ವಾಪಸು ಕೊಡಿಸಲು ಒಂದು ಆಯೋಗವಿದೆ. ವಿಧವೆಯ ಪರಿಹಾರದ ಹಣ ಇಟ್ಟುಕೊಂಡವರಿಂದ ವಾಪಸು ಕೊಡಿಸಲು ಅಷ್ಟು ಸುಲಭದ ಜಾಗ ಒಂದೂ ಇಲ್ಲ.

ಇಷ್ಟಾದರೂ ಆಕೆಯ ಆರು ಲಕ್ಷ ಉಳಿದದ್ದು ಹೇಗೆ? ಯಾರ ಒಳ್ಳೆಯತನದಿಂದಲೂ ಅಲ್ಲ. ಕೇರಳದ ಸುಸಮ್ಮ ಥಾಮಸ್ ಎಂಬ ಹೆಣ್ಣುಮಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಒಂದು ಮಾತು ಹೇಳಿತ್ತು. ಅಪಘಾತದ ಪರಿಹಾರ ಮಕ್ಕಳಿಗೆ, ವಿಧವೆಯರಿಗೆ, ಓದುಬರಹ ಬಾರದವರಿಗೆ ಸಿಕ್ಕಾಗ ಅದು ಕರಗಿಹೋಗದ ಹಾಗೆ ದೀರ್ಘಾವಧಿ ಠೇವಣಿಯಲ್ಲಿ ಇರಿಸಿ, ಬಡ್ಡಿ ಅವರಿಗೇ ನೇರ ಸಿಗುವಂತೆ ಮಾಡಿ ಎಂದು. ಅಲ್ಲಿಗೆ ಯಾರ ಕೈಯೂ ಚಾಚಲಿಲ್ಲ, ಚಾಚಲು ಆಗಲಿಲ್ಲ. ನೋಡಿ, ವ್ಯವಸ್ಥೆ ಇದ್ದಲ್ಲಿ ಹಣ ಉಳಿಯಿತು, ನಂಬಿಕೆ ಮಾತ್ರ ಇದ್ದಲ್ಲಿ ಹೋಯಿತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರಿಹಾರವನ್ನು ಕೇಳಿದವರ ಬ್ಯಾಂಕ್ ಖಾತೆಗೇ ನೇರ ಹಾಕುವ ಪದ್ಧತಿ ಬರಬೇಕೆಂದಿದೆ. ಒಳ್ಳೆಯದೇ. ಆದರೆ ಚೆಕ್ಕುಪುಸ್ತಕ ವಕೀಲರ ಕಪಾಟಿನಲ್ಲಿದ್ದರೆ ನೇರ ಖಾತೆಯಿಂದ ಏನು ಬಂತು?

ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳು ಕಕ್ಷಿದಾರರ ಹಣವನ್ನು ಬೇರೆಯೇ ಖಾತೆಯಲ್ಲಿ ಇಡಬೇಕು, ಸ್ವಂತ ಹಣದ ಜೊತೆ ಬೆರೆಸುವಂತಿಲ್ಲ. ಅಲ್ಲಿ ಮೋಸವಿಲ್ಲವೆಂದಲ್ಲ. 2023ರಲ್ಲಿ ಆಕ್ಸಿಯಮ್ ಇನ್ಸ್ ಎಂಬ ಸಂಸ್ಥೆಯಲ್ಲಿ ಕಕ್ಷಿದಾರರ ಆರು ಕೋಟಿ ಪೌಂಡಿಗೂ ಹೆಚ್ಚು ಹಣ ಕಾಣೆಯಾಗಿ ದೊಡ್ಡ ಹಗರಣವಾಯಿತು. ಆದರೆ ಅಲ್ಲಿ ಸಾಲಿಸಿಟರುಗಳ ವಂತಿಗೆಯಿಂದಲೇ ಕಟ್ಟಿದ ಒಂದು ಪರಿಹಾರ ನಿಧಿ ಇದೆ. ಒಬ್ಬ ನುಂಗಿದರೆ ನೊಂದವರು ಆ ನಿಧಿಗೆ ಅರ್ಜಿ ಹಾಕಬಹುದು. ವೃತ್ತಿಯ ಮಾನ ಎಲ್ಲರದಾದರೆ ಅದರ ಸಾಲವೂ ಎಲ್ಲರದು ಎಂಬ ಲೆಕ್ಕ.

ನಮ್ಮಲ್ಲೂ ಒಂದು ನಿಧಿ ಇದೆ, ಗೊತ್ತೇ? ವಕಾಲತ್ತಿನ ಕಾಗದದ ಮೇಲೆ ಕಲ್ಯಾಣ ನಿಧಿಯ ಒಂದು ಚೀಟಿ ಅಂಟಿಸುತ್ತಾರೆ. ಕರ್ನಾಟಕದ 1983ರ ಕಾಯ್ದೆಯ ಪ್ರಕಾರ ಅದು ವಕೀಲರ ಕಲ್ಯಾಣಕ್ಕೆ. ವಕೀಲರ ಕಷ್ಟಕಾಲಕ್ಕೆ, ಅವರ ಮನೆಯವರ ಆಸರೆಗೆ ಅಂಥದೊಂದು ನಿಧಿ ಇರಲೇಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಚೀಟಿಯ ಖರ್ಚೂ ಬಹಳ ಸಲ ಕಕ್ಷಿದಾರರ ಲೆಕ್ಕಕ್ಕೇ ಬೀಳುತ್ತದೆ. ವಕೀಲರ ವಿಧವೆಗೆ ನಿಧಿ ಕಟ್ಟಿದ ನಾವು, ವಕೀಲರಿಂದ ಮೋಸಹೋದ ವಿಧವೆಗೆ ಏನು ಕಟ್ಟಿದ್ದೇವೆ?

ಇದನ್ನು ಓದಿ ಕೆಲವು ವಕೀಲರಿಗೆ ಸಿಟ್ಟು ಬರಬಹುದು. ಫೀಸು ಕೇಳದೆ ಗೇಣಿದಾರರ, ಕೂಲಿಯವರ ಕೇಸು ನಡೆಸಿದವರನ್ನು ಈ ಜಿಲ್ಲೆ ಕಂಡಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ವಕೀಲರಿದ್ದಾರೆ. ಅವರಲ್ಲೊಬ್ಬ ನನ್ನ ಹತ್ತಿರ ವಾದಿಸಿದ, ‘ಮೇಡಂ, ಬಡವರಲ್ಲಿ ಮುಂಗಡ ಕೊಡಲು ದುಡ್ಡಿರುವುದಿಲ್ಲ. ನಾವೇ ಖರ್ಚು ಹಾಕಿ ವರ್ಷಗಟ್ಟಲೆ ಕಾಯುತ್ತೇವೆ. ಪಾಲು ಬೇಡವೆಂದರೆ ಅವರ ಕೇಸನ್ನು ಯಾರು ಹಿಡಿಯುತ್ತಾರೆ?’ ಎಂದು. ಮಾತಿನಲ್ಲಿ ಹುರುಳಿದೆ. ದುಡಿದವರಿಗೆ ಕೂಲಿ ಸಿಗಬೇಕು. ಆದರೆ ಅಪ್ಪ, ಕೂಲಿ ಎಷ್ಟೆಂದು ಮೊದಲೇ ಬರೆದುಕೊಡುವುದಕ್ಕೆ ಯಾರು ಅಡ್ಡ ಬಂದರು? ಖರ್ಚಿನ ಚೀಟಿ ಜೋಡಿಸಿ ಇಡುವುದಕ್ಕೆ ಏನು ಕಷ್ಟ? ಮೊದಲು ಹಣ ಆಕೆಯ ಕೈಗೆ ಬರಲಿ, ಆಮೇಲೆ ಆಕೆ ನಿನ್ನ ಫೀಸು ಎಣಿಸಿ ಕೊಡಲಿ. ನಿನ್ನ ಕೈಯಿಂದ ಆಕೆಗೆ ಬಂದರೆ ಅದು ದಾನದ ಹಾಗೆ ಕಾಣುತ್ತದೆ, ಆಕೆಯ ಕೈಯಿಂದ ನಿನಗೆ ಬಂದರೆ ಅದು ಸಂಬಳ. ಅವನು ನಕ್ಕು ತಲೆ ತಗ್ಗಿಸಿದ.

ನನ್ನ ಬೇಡಿಕೆ ದೊಡ್ಡದೇನಲ್ಲ. ಶಿಸ್ತು ಸಮಿತಿಯಲ್ಲಿ ವಕೀಲರಲ್ಲದವರೂ ಕೂರಲಿ. ಕಕ್ಷಿದಾರರ ಹಣಕ್ಕೆ ಬೇರೆ ಖಾತೆ, ವರ್ಷಕ್ಕೊಮ್ಮೆ ತಪಾಸಣೆ ಬರಲಿ. ಹಣ ಬಡ್ಡಿ ಸಮೇತ ಹಿಂತಿರುಗಿಸು ಎಂದು ಆದೇಶಿಸುವ ಅಧಿಕಾರ ಸಮಿತಿಗೆ ಸ್ಪಷ್ಟವಾಗಿ ಸಿಗಲಿ, ಹೆಸರು ತೆಗೆಯುವುದು ಆಮೇಲಿನ ಮಾತು. ಸಿಗದ ಹಣಕ್ಕೆ ಒಂದು ನಿಧಿ ಇರಲಿ. ಕಾನೂನಿನಲ್ಲಿ ಇಲ್ಲದ್ದನ್ನು ಹೇಗೆ ತರುವುದು ಎನ್ನಬೇಡಿ. 1978ರಲ್ಲೇ ಮದರಾಸಿನ ರಂಗದೊರೈ ಎಂಬ ವಕೀಲರ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಬರೀ ಅಮಾನತಿನಿಂದ ಯಾರಿಗೆ ಏನು ಲಾಭ ಎಂದು ಯೋಚಿಸಿ, ಬಡವರಿಗೆ ಉಚಿತ ಕಾನೂನು ನೆರವಿನ ಕೆಲಸ ಮಾಡಲು ಹಚ್ಚಿದರು. ಮನಸ್ಸಿದ್ದರೆ ಮಾರ್ಗ ಸಿಗುತ್ತದೆ. ಶಾಸನಸಭೆಗಳಲ್ಲಿ, ಸಂಸತ್ತಿನಲ್ಲಿ ಕೂತ ವಕೀಲರಿಗೇನು ಕೊರತೆ?

ಅಲ್ಲಿಯವರೆಗೆ ನಾವು ಹೆಂಗಸರು ಮಾಡಬೇಕಾದದ್ದೂ ಇದೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ದೇವರೇ ಬಂದು ಕೇಳಿದರೂ ಸಹಿ ಹಾಕಬೇಡಿ. ಪಾಸ್‌ಬುಕ್ಕು, ಚೆಕ್ಕುಪುಸ್ತಕ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ. ಕೊಟ್ಟ ಪ್ರತಿ ರೂಪಾಯಿಗೆ ರಸೀದಿ ಕೇಳಿ, ಕೇಳಲು ನಾಚಬೇಡಿ. ಕೇಸು ಮುಗಿದ ದಿನ ಲೆಕ್ಕದ ನಕಲು ಕೇಳಿ. ಫೀಸು ಬಾಕಿ ಇದೆಯೆಂದು ವಕೀಲರು ನಿಮ್ಮ ಕೇಸಿನ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಸರಕಾರದ ಕಾನೂನು ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿದ ಗುಮಾಸ್ತನೇ ಗತಿ ಎಂದು ತಿಳಿಯಬೇಡಿ.

ಆಕೆ ದೂರು ಕೊಟ್ಟಳೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ‘ಮಗಳ ಓದಿಗೆ ಠೇವಣಿ ಬಿಡಿಸ್ಬೇಕಂದ್ರೆ ಕೋರ್ಟಿಗೆ ಅರ್ಜಿ ಹಾಕ್ಬೇಕಂತೆ. ಅದಕ್ಕೂ ಅವ್ರೇ ಬೇಕಲ್ರೀ ಅಕ್ಕೋರೇ’ ಎಂಬುದು ಆಕೆಯ ಭಯ. ಆ ಭಯವನ್ನು ನಾನು ಹೇಡಿತನವೆನ್ನಲಾರೆ. ಕಾನೂನು ಸೇವಾ ಸಮಿತಿಯಿಂದ ಬೇರೆ ವಕೀಲರನ್ನು ಕೇಳೋಣ ಎಂದು ಹೇಳಿದ್ದೇನೆ. ಜೊತೆಗೆ ಮೂವತ್ತು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ನನ್ನ ಕೆಲಸವನ್ನು ಮತ್ತೆ ಹಿಡಿದಿದ್ದೇನೆ. ಮಕ್ಕಳ ಊಟವಾಗಿ ಪಾತ್ರೆ ತೊಳೆದ ಮೇಲೆ ಆಕೆ ಒಂದನೇ ತರಗತಿಯ ಬೆಂಚಿನ ಮೇಲೆ ಕೂರುತ್ತಾಳೆ. ಪಾಠಕ್ಕೆ ಪುಸ್ತಕ ಆಕೆಯ ಪಾಸ್‌ಬುಕ್ಕೇ. ಜಮೆ ಎಂದರೇನು, ಖರ್ಚು ಎಂದರೇನು, ಬಾಕಿ ಎಂದರೇನು.

ಕಳೆದ ತಿಂಗಳು ಆಕೆ ಮೊದಲ ಕಾಗದ ಬರೆದಳು. ನಾನು ಹೇಳಿಕೊಟ್ಟೆ, ಅಕ್ಷರ ಆಕೆಯದು. ‘ನನ್ನ ಕೇಸಿನ ಹಣದ ಲೆಕ್ಕದ ನಕಲು ಕೊಡಬೇಕಾಗಿ ಕೋರುತ್ತೇನೆ. ನಕಲಿನ ಖರ್ಚು ಕೊಡುತ್ತೇನೆ.’ ನಾಲ್ಕು ಸಲ ತಿದ್ದಿ ಬರೆದಳು. ಕೆಳಗೆ ಅದೇ ದುಂಡಗಿನ ಸಹಿ. ಅಂಚೆಯಲ್ಲಿ ಹಾಕಿ, ಮುಟ್ಟಿದ್ದಕ್ಕೆ ಸ್ವೀಕೃತಿ ತರಿಸಿಕೊಂಡಿದ್ದೇವೆ. ‘ನೀವು ಯಾರು’ ಎಂದು ಈ ಸಲ ಅವರು ಕೇಳುವಂತಿಲ್ಲ. ಉತ್ತರಕ್ಕೆ ಕಾಯುತ್ತಿದ್ದೇವೆ.